ಏಳೇ ದಿನಕ್ಕೆ ಶುಗರ್ ಇಳಿಯುತ್ತಂತೆ, ನಂಬಬಹುದಾ?

ಪ್ರಶ್ನೆ: ಅಪ್ಪನಿಗೆ ಶುಗರ್ ಬಂದು ಒಂಬತ್ತು ವರ್ಷ ಆಯ್ತು, ಟೈಪ್ 2, ಮಾತ್ರೆ ತಗೋತಾರೆ. ಈಗ ದಿನಾ ಮೊಬೈಲ್ ಹಿಡ್ಕೊಂಡು ವಿಡಿಯೋ ನೋಡೋದೇ ಕೆಲಸ. ಮೊನ್ನೆ ಒಂದರಲ್ಲಿ "280 ಇದ್ದ ಶುಗರ್ ಏಳೇ ದಿನಕ್ಕೆ 140 ಆಯ್ತು, ಮಾತ್ರೆ ಬಿಸಾಕಿ" ಅಂದ್ರಂತೆ, ಅವತ್ತಿಂದ ಮಾತ್ರೆ ಬೇಡ ಅಂತ ಒಂದೇ ಹಠ. ಯಾವುದು ನಿಜ ಯಾವುದು ಸುಳ್ಳು ಅಂತ ನಮ್ಮಂಥೋರಿಗೆ ಹೇಗೆ ಗೊತ್ತಾಗ್ಬೇಕು?

ಉತ್ತರ: ಮೊದಲು ಆ 280, 140 ಎರಡನ್ನೇ ಹಿಡ್ಕೊಂಡು ಕೇಳಿ, ಯಾವ ಹೊತ್ತಲ್ಲಿ ನೋಡಿದ್ದು? 280 ಊಟ ಆದ್ಮೇಲಿಂದು, 140 ಬೆಳಗ್ಗೆ ಖಾಲಿ ಹೊಟ್ಟೇದು ಅಂತಾದ್ರೆ ಅಷ್ಟು ವ್ಯತ್ಯಾಸ ಒಂದೇ ದಿನದಲ್ಲೂ ಬರಬಹುದು, ಅದಕ್ಕೆ ಪವಾಡ ಯಾಕೆ ಬೇಕು? ಇನ್ನೊಂದು ತಮಾಷೆ ನೋಡಿ, ಖಾಲಿ ಹೊಟ್ಟೇಲಿ 126 ಅಥವಾ ಜಾಸ್ತಿ ಇದ್ರೆ ಡಯಾಬಿಟಿಸ್ ಲೆಕ್ಕಾನೇ, ಹಾಗಾಗಿ ಅವರು ಗೆದ್ವಿ ಅಂತ ತೋರಿಸ್ತಿರೋ 140 ಕೂಡ ಶುಗರ್ ಇನ್ನೂ ಇದೆ ಅಂತಾನೇ ಹೇಳ್ತಿರಬಹುದು. ನಿಜವಾಗ್ಲೂ ಇಳಿದಿದ್ಯಾ ಅಂತ ಗೊತ್ತಾಗೋದು ಎಚ್‌ಬಿಎ1ಸಿ ಮಾಡಿಸಿದ್ರೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದರೊಳಗೆ ಅಂಟಿಕೊಂಡ ಸಕ್ಕರೆ ನೋಡಿ ಎರಡು ಮೂರು ತಿಂಗಳ ಸರಾಸರಿ ಹೇಳೋ ಟೆಸ್ಟ್ ಅದು, ಒಂದು ವಾರದ ಆಟ ಅದರ ಹತ್ರ ನಡೆಯಲ್ಲ. ಇಂಥ ವಿಡಿಯೋಗಳು ಅದರ ಹೆಸರೆತ್ತದೇ ಇರೋದು ಸುಮ್ಸುಮ್ನೆ ಅಲ್ಲ ಅನ್ಸುತ್ತೆ ನಂಗೆ.

ಹಾಗಂತ ಎಲ್ಲಾ ಬುರುಡೆ ಅಂತ ತಳ್ಳಿಹಾಕೋಕೂ ಆಗಲ್ಲ, ಕಷ್ಟ ಇರೋದೇ ಇಲ್ಲಿ. 2017ರಲ್ಲಿ ಬ್ರಿಟನ್ನಿನ ಡೈರೆಕ್ಟ್ ಅನ್ನೋ ಅಧ್ಯಯನ ಬಂತು, ತುಂಬಾ ಕಟ್ಟುನಿಟ್ಟಾಗಿ ತೂಕ ಇಳಿಸಿದ ಗುಂಪಿನಲ್ಲಿ 46% ಜನರ ಶುಗರ್ ಒಂದು ವರ್ಷಕ್ಕೆ ಮಾತ್ರೆ ಇಲ್ದೇನೇ ಡಯಾಬಿಟಿಸ್ ಗೆರೆಯಿಂದ ಕೆಳಗಿತ್ತು. ಆದ್ರೆ ಅವರೆಲ್ಲ ಶುಗರ್ ಬಂದು ಆರು ವರ್ಷದೊಳಗಿನೋರು, ತೂಕ ಜಾಸ್ತಿ ಇದ್ದೋರು, ಇನ್ಸುಲಿನ್ ತಗೋದೇ ಇದ್ದೋರು, ಮಾತ್ರೆ ನಿಲ್ಸಿದ್ದೂ ವೈದ್ಯರ ನಿಗಾದಲ್ಲಿ. ಅದನ್ನ ಅವರು ವಾಸಿ ಆಯ್ತು ಅನ್ನಲಿಲ್ಲ, ರೆಮಿಷನ್ ಅಂದ್ರು, ಅಂದ್ರೆ ವಾಪಸ್ ಬರಬಹುದು. ನಿಮ್ಮಪ್ಪನಿಗೆ ಒಂಬತ್ತು ವರ್ಷ ಆಗಿದೆ, ಸೋ ಎಂಥೋರ ಬಗ್ಗೆ ಹೇಳ್ತಿದ್ದಾರೆ ಅಂತ ನೋಡದೆ ನಮಗೂ ಆಗುತ್ತೆ ಅಂದ್ಕೊಳ್ಳೋ ಹಾಗಿಲ್ಲ.

ಟೈಪ್ 1 ಆ ಟೈಪ್ 2 ಆ ಅಂತಾನೂ ಹೇಳದೆ ಇನ್ಸುಲಿನ್ ಬಿಡಿ ಅನ್ನೋರು ಕಂಡ್ರಂತೂ ಅಲ್ಲೇ ಮುಚ್ಚಿಬಿಡಿ, ಟೈಪ್ 1 ಇರೋರಿಗೆ ಮೈಯಲ್ಲಿ ಇನ್ಸುಲಿನ್ನೇ ಹೆಚ್ಚುಕಮ್ಮಿ ಆಗಲ್ಲ, ಅವರು ನಿಲ್ಸಿದ್ರೆ ಕೀಟೋಅಸಿಡೋಸಿಸ್, ಅಂದ್ರೆ ರಕ್ತದಲ್ಲಿ ಆಮ್ಲ ಏರೋದು, ಆಗಿ ಜೀವಕ್ಕೇ ಕುತ್ತು.

ಅಪ್ಪನ ಜೊತೆ ಜಗಳಕ್ಕೆ ನಿಲ್ಬೇಡಿ. ಒಂದು ಎಚ್‌ಬಿಎ1ಸಿ ಮಾಡಿಸಿ, ರಿಪೋರ್ಟ್ ಜೊತೆ ಆ ವಿಡಿಯೋನೂ ಡಾಕ್ಟರಿಗೆ ತೋರ್ಸಿ, ಅಲ್ಲಿವರೆಗೂ ಮಾತ್ರೆ ನಡೀಲಿ. ಮತ್ತೆ ವಿಡಿಯೋನ ಕೊನೇವರೆಗೂ ನೋಡಿ, ಪುಡಿ ಆರ್ಡರ್ ಮಾಡೋ ನಂಬರ್ ಅಲ್ಲೆಲ್ಲೋ ಇರುತ್ತೆ.