"ಗ್ಯಾರಂಟಿ ಆಗಲಿ, ಆಮೇಲೆ ಹೇಳೋಣ" ಅಂದ ಚಿಕ್ಕಮ್ಮ

ಹೆಸರು, ವಯಸ್ಸು, ಸಂಬಂಧ ಎಲ್ಲವನ್ನೂ ಸ್ವಲ್ಪ ಬದಲಾಯಿಸಿದ್ದೇನೆ. ಮಗುವಿನ ಗುರುತು ಸಿಗುವ ಹಾಗೆ ಬರೆಯಬಾರದು ಅಂತ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಯೇ ಹೇಳುತ್ತದೆ. ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ ಬಿಡಿ.

ಸುಧಾ ಅನ್ನೋಣ. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಆಪ್ತಸಲಹೆಗೆ ಬಂದವರು. ಸ್ವಲ್ಪ ಹೊತ್ತು ಆಫೀಸಿನ ಟೆನ್ಷನ್ ಬಗ್ಗೆ ಮಾತಾಡಿದರು, ಆಮೇಲೆ ವಿಷಯ ಅಕ್ಕನ ಮಗನ ಕಡೆ ತಿರುಗಿತು. ಒಂಬತ್ತು ವರ್ಷದ ಹುಡುಗ, ರಜಕ್ಕೆ ಇವರ ಮನೆಗೆ ಬಂದಿದ್ದಾನೆ. ಎಷ್ಟೋ ವರ್ಷದ ಹಿಂದೆ ಬಿಟ್ಟಿದ್ದ ಅಭ್ಯಾಸ, ಈಗ ಮತ್ತೆ ರಾತ್ರಿ ಹಾಸಿಗೆ ಒದ್ದೆ. ಸ್ನಾನಕ್ಕೆ ಕರೆದರೆ ಬರುವುದಿಲ್ಲ. ಯಾಕೆ ಅಂತ ನೋಡಿದರೆ ಚಡ್ಡಿಯ ಲಾಡಿಗೆ ಗಂಟಿನ ಮೇಲೆ ಗಂಟು ಹಾಕಿಕೊಂಡಿದ್ದಾನೆ. ಉಗುರಲ್ಲಿ ಬಿಡಿಸಲು ಆಗದೆ ಇವರು ಕತ್ತರಿ ತಂದರೆ "ಕಟ್ ಮಾಡಬೇಡ ಚಿಕ್ಕಮ್ಮ, ಆಮೇಲೆ ಕಟ್ಟೋಕಾಗಲ್ಲ" ಅಂತ ಅಳು.

ಭಾವನ ಕಡೆಯ ದೂರದ ತಮ್ಮನೊಬ್ಬ ಕೆಲಸಕ್ಕೆ ಅಂತ ಅಕ್ಕನ ಮನೆಯಲ್ಲೇ ಇದ್ದಾನೆ. ಹುಡುಗನ ಜೊತೆ ಒಂದೇ ರೂಮಲ್ಲಿ ಮಲಗುತ್ತಾನೆ. ಹೊಸ ಬ್ಯಾಟು, ಮೊಬೈಲು, ಕೇಳಿದ್ದೆಲ್ಲ ಕೊಡಿಸುತ್ತಾನೆ, ಮನೆಯವರಿಗೆಲ್ಲ ಅವನೆಂದರೆ ಪ್ರೀತಿ. ಹುಡುಗ ಮಾತ್ರ "ಆ ಚಿಕ್ಕಪ್ಪ ಊರಿಗೆ ಹೋದ್ನಾ?" ಅಂತ ದಿನಾ ಕೇಳುತ್ತಿದ್ದನಂತೆ.

ಇದರಲ್ಲಿ ಒಂದೊಂದನ್ನೇ ಹಿಡಿದರೆ ಏನೂ ಹೇಳಲಾಗದು. ಹಾಸಿಗೆ ಒದ್ದೆಯಾಗುವುದಕ್ಕೆ ಉರಿಮೂತ್ರವೂ ಕಾರಣ ಇರಬಹುದು, ಶಾಲೆಯ ಭಯವೂ ಇರಬಹುದು. ಆದರೆ ಎಲ್ಲ ಒಟ್ಟಿಗೆ ಬಂದಾಗ, ಅದೂ ಒಬ್ಬನೇ ಮನುಷ್ಯನ ಸುತ್ತ ಬಂದಾಗ, ಸುಮ್ನೆ ಬಿಡುವ ಹಾಗಿಲ್ಲ. ಗಂಡುಮಗು ಅಲ್ವಾ, ಅವನಿಗೇನಾಗುತ್ತೆ ಅನ್ನೋ ಮಾತು ನಮ್ಮಲ್ಲಿ ಜಾಸ್ತಿ. ಕಾಯ್ದೆಗೆ ಆ ಭೇದ ಇಲ್ಲ, 18 ವರ್ಷದೊಳಗಿನ ಗಂಡುಮಗುವೂ ಮಗುವೇ.

ಸುಧಾ ಒಂದು ಪ್ಲಾನ್ ಮಾಡಿಕೊಂಡೇ ಬಂದಿದ್ದರು. ಭಾನುವಾರ ಎಲ್ಲರೂ ಸೇರಿದಾಗ ಹುಡುಗನನ್ನು ಕೂರಿಸಿ ಕೇಳುವುದು, ಗ್ಯಾರಂಟಿ ಆದರೆ ಆಮೇಲೆ ಮುಂದಿನದು. ಅದೊಂದು ಬೇಡವೇ ಬೇಡ ಅಂದೆ. ಆ ಮನುಷ್ಯ ಎದುರಿಗೇ ಕೂತಿರುವಾಗ ಯಾವ ಮಗು ಬಾಯಿ ಬಿಡುತ್ತದೆ? ಒಂದು ಸಲ "ಏನಿಲ್ಲ" ಅಂದುಬಿಟ್ಟರೆ ಮನೆಯವರಿಗೆ ಅಷ್ಟೇ ಸಾಕು. ಅಷ್ಟರಲ್ಲಿ ಅವನೂ ಎಚ್ಚೆತ್ತಿರುತ್ತಾನೆ, ಮಗುವನ್ನು ಹೆದರಿಸಿರುತ್ತಾನೆ, ಮೊಬೈಲಲ್ಲಿ ಇದ್ದದ್ದನ್ನೂ ಅಳಿಸಿರುತ್ತಾನೆ.

"ಸುಳ್ಳಾದರೆ ನನ್ನ ಮೇಲೇ ಕೇಸ್ ಹಾಕಲ್ವಾ ಮೇಡಂ?"

ಇದನ್ನು ಎಲ್ಲರೂ ಕೇಳುತ್ತಾರೆ. ಇಲ್ಲ. ಸೆಕ್ಷನ್ 19ರ ಪ್ರಕಾರ ಇಂಥ ಅಪರಾಧ ನಡೆದಿದೆ ಅಂತ ಗೊತ್ತಿರುವವರು ಮಾತ್ರವಲ್ಲ, ನಡೆಯಬಹುದು ಅನ್ನೋ ಆತಂಕ ಇರುವವರೂ ಪೊಲೀಸರಿಗೆ ತಿಳಿಸಬೇಕು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಬರುವುದಿಲ್ಲ ಅಂತ ಅದೇ ಸೆಕ್ಷನ್ ಹೇಳುತ್ತದೆ. ಶಿಕ್ಷೆ ಇರುವುದು ಅವಮಾನ ಮಾಡಲೋ, ದುಡ್ಡು ಕೀಳಲೋ, ಹೆದರಿಸಲೋ ಬೇಕಂತಲೇ ಸುಳ್ಳು ಹೇಳಿದವರಿಗೆ. ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದರೆ ಸೆಕ್ಷನ್ 21ರಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ಮಾತು ನನಗೂ ಅನ್ವಯಿಸುತ್ತದೆ. ನನ್ನ ರೂಮಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಆದರೆ ಮಗುವಿಗೆ ಅಪಾಯ ಇರುವ ವಿಷಯ ಹಾಗಲ್ಲ ಅಂತ ಮೊದಲೇ ಹೇಳಿರುತ್ತೇನೆ. ನೀವು ಫೋನ್ ಮಾಡದಿದ್ದರೆ ನಾನು ಮಾಡಬೇಕಾಗುತ್ತದೆ ಅಂತ ಅವರಿಗೂ ನೇರವಾಗೇ ಅಂದೆ.

ಉಳಿದ ಸಲಹೆ ಇಷ್ಟು. ಮೊದಲಿಗೆ ಹುಡುಗ ನಿಮ್ಮ ಮನೆಯಲ್ಲೇ ಇರಲಿ, ಕಾರಣ ಏನಾದರೂ ಹೇಳಿ, ಆ ರೂಮಿಗೆ ವಾಪಸ್ ಕಳಿಸಬೇಡಿ. ನೀವಾಗಿ ತನಿಖೆ ಮಾಡಬೇಡಿ. "ಚಿಕ್ಕಪ್ಪ ಅಲ್ಲಿ ಮುಟ್ಟಿದ್ನಾ?" ಅಂತ ಬಾಯಿಗೆ ಮಾತು ಹಾಕಿದರೆ ನಾಳೆ ಕೋರ್ಟಿನಲ್ಲಿ ಹೇಳಿಕೊಟ್ಟಿದ್ದಾರೆ ಅನ್ನುತ್ತಾರೆ. ಅವನಾಗಿ ಹೇಳಿದರೆ ಪೂರ್ತಿ ಕೇಳಿ, ಗಾಬರಿ ತೋರಿಸಬೇಡಿ, "ಹೇಳಿದ್ದು ಒಳ್ಳೇದಾಯ್ತು ಪುಟ್ಟ, ನಿಂದೇನೂ ತಪ್ಪಿಲ್ಲ" ಅನ್ನಿ. ಯಾರಿಗೂ ಹೇಳಲ್ಲ ಅಂತ ಮಾತ್ರ ಆಣೆ ಮಾಡಬೇಡಿ, ಯಾಕೆಂದರೆ ಹೇಳಲೇಬೇಕು. ಅವನು ಅಂದ ಮಾತನ್ನು ಅವನ ಪದಗಳಲ್ಲೇ ತಾರೀಖು ಹಾಕಿ ಬರೆದಿಡಿ. ಈಚೆಗೆ ಏನಾದರೂ ನಡೆದಿದೆ ಅನಿಸಿದರೆ ಹಾಕಿದ್ದ ಬಟ್ಟೆ ಒಗೆಯಬೇಡಿ, ಕಾಗದದ ಕವರಿನಲ್ಲಿಡಿ, ಸರಕಾರಿ ಆಸ್ಪತ್ರೆಗೆ ಹೋಗಿ. ಎಫ್‌ಐಆರ್ ಆಗಿಲ್ಲ ಅಂತ ಅಲ್ಲಿ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ.

ಪೊಲೀಸ್ ಅಂದರೆ ಅವರಿಗೆ ಸ್ಟೇಷನ್ ಬೆಂಚೇ ಕಣ್ಮುಂದೆ. ಕಾಯ್ದೆಯಲ್ಲಿ ಹಾಗಿಲ್ಲ. ಮಗುವಿನ ಮನೆಗೋ ಅದಕ್ಕೆ ಇಷ್ಟವಾದ ಜಾಗಕ್ಕೋ ಅಧಿಕಾರಿ ಬರಬೇಕು, ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್, ಅದೂ ಯೂನಿಫಾರ್ಮ್ ಇಲ್ಲದೆ. ಮಗು ನಂಬುವ ಒಬ್ಬರು ಪಕ್ಕದಲ್ಲಿ ಇರಬಹುದು. ರಾತ್ರಿ ಸ್ಟೇಷನ್ನಿನಲ್ಲಿ ಕೂರಿಸುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಪೊಲೀಸರು ತಿಳಿಸಬೇಕು. ಎಲ್ಲ ಕಡೆ ಇದು ಹೀಗೇ ನಡೆಯುತ್ತದೆ ಅಂತ ನಾನು ಹೇಳಲಾರೆ. ನಡೆಯದಿದ್ದರೆ ಜಗಳ ಮಾಡಿ ಕೇಳುವ ಹಕ್ಕು ನಿಮಗಿದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಸುಧಾ ನನ್ನ ಎದುರಿಗೇ ಕೂತು ಫೋನ್ ಮಾಡಿದರು. ಕೈ ನಡುಗುತ್ತಿತ್ತು, ಎರಡು ಸಲ ನಂಬರ್ ತಪ್ಪಾಯಿತು. ತುರ್ತು ಇದ್ದರೆ 112 ಕೂಡ ಆಗುತ್ತದೆ.

ಹುಡುಗ ಮಾತಾಡಿದ್ದು ಚಿಕ್ಕಮ್ಮನ ಮನೆಯ ಹಾಲಿನಲ್ಲಿ, ಚೂಡಿದಾರ್ ಹಾಕಿಕೊಂಡು ಬಂದ ಅಧಿಕಾರಿಯ ಹತ್ತಿರ. ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅನುಮಾನ ಸರಿಯಾಗಿತ್ತು. ಕೇಸ್ ನಡೆಯುತ್ತಿದೆ, ಹುಡುಗನಿಗೆ ಮಕ್ಕಳ ಆಪ್ತಸಲಹೆಗಾರರೊಬ್ಬರ ಹತ್ತಿರ ಪ್ರತ್ಯೇಕ ಚಿಕಿತ್ಸೆ ನಡೆದಿದೆ.

ಅಕ್ಕ ತಿಂಗಳುಗಟ್ಟಲೆ ಸುಧಾಳ ಜೊತೆ ಮಾತು ಬಿಟ್ಟರು. ಮನೆ ಮರ್ಯಾದೆ ಬೀದಿಗೆ ತಂದೆ, ನಾಲ್ಕು ಜನ ಹಿರಿಯರು ಕೂತು ಬಗೆಹರಿಸಬಹುದಿತ್ತು ಅಂತ. ಹಿರಿಯರು ಕೂತು ರಾಜಿ ಮಾಡಿಸಿ ಮುಗಿಸುವ ಅಪರಾಧ ಇದಲ್ಲ ಅಂತ ಅವರಿಗೆ ಯಾರಾದರೂ ಹೇಳಬೇಕಿತ್ತು, ಆದರೆ ತಂಗಿ ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೊನೆಗೆ ಮಗನ ಚಿಕಿತ್ಸೆಗೆ ಅಂತ ಬಂದವರು, ಒಂದು ದಿನ ತಾವೇ ನನ್ನ ಹತ್ತಿರ ಟೈಮ್ ಕೇಳಿದರು. ಮುಂದಿನ ಬುಧವಾರ ಬರುತ್ತಾರೆ.