ಎತ್ತಿಕಟ್ಟಿದವರು ಯಾರು ಅಂತ ಕೇಳಿದಿರಲ್ಲ

ಕನ್ನಡ ಬರುವ ಮಾಸ್ಟ್ರು ಬೇಕು ಅಂತ ಕೇರಳದ ಕಾಸರಗೋಡಿನ ಕನ್ನಡ ಮಕ್ಕಳು ತರಗತಿ ಬಿಟ್ಟು ಅಂಗಳದಲ್ಲಿ ಕೂತದ್ದನ್ನು ನೋಡಿ, "ಇದೆಲ್ಲ ದೊಡ್ಡವರು ಎತ್ತಿಕಟ್ಟಿದ್ದಲ್ವಾ?" ಅಂದಿರಿ. ನಾನು ಹುಟ್ಟಿ ಓದಿದ್ದು ಆ ಕಡೆ. ಮದುವೆಯಾಗಿ ತೀರ್ಥಹಳ್ಳಿ ಸೀಮೆಗೆ ಬಂದು ಇಪ್ಪತ್ತು ವರ್ಷವಾಯ್ತು. ಎರಡೂ ಕಡೆಯದು ಗೊತ್ತು.

ಅಣ್ಣನ ಮಗಳು ಅಲ್ಲಿ ಕನ್ನಡ ಮಾಧ್ಯಮದಲ್ಲಿದ್ದಾಗ ಗಣಿತಕ್ಕೆ ಬಂದ ಮಾಸ್ಟ್ರಿಗೆ ಕನ್ನಡವೇ ಬರುತ್ತಿರಲಿಲ್ಲ. ಪಾಪ, ಒಳ್ಳೆ ಮನುಷ್ಯ. ನಾವು ಅಪವರ್ತನ ಅನ್ನುವುದಕ್ಕೆ ಮಲಯಾಳದಲ್ಲಿ ಘಟಕ ಅಂತಾರೆ. ಅವರು ಹನ್ನೆರಡರ ಘಟಕ ಬರೆಯಿರಿ ಅಂದರೆ ಇವಳು ಪುಸ್ತಕದ ಹನ್ನೆರಡನೇ ಘಟಕ ತೆರೆದು ಕೂತಳಂತೆ! ಫೋನಲ್ಲಿ ಹೇಳುತ್ತಾ ಬಿದ್ದುಬಿದ್ದು ನಕ್ಕಳು. ಪರೀಕ್ಷೆ ಹತ್ತಿರ ಬಂದಾಗ ನಗು ನಿಂತಿತು. ಅಂಥವಳನ್ನು ಅಂಗಳಕ್ಕಿಳಿಸಲು ಬೇರೆಯವರು ಯಾಕೆ ಬೇಕು ಹೇಳಿ.

ಕಾಸರಗೋಡು ಕೇರಳಕ್ಕೆ ಹೋದದ್ದು 1956ರ ನವೆಂಬರ್ 1ಕ್ಕೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸಲು ವ್ಯವಸ್ಥೆ ಮಾಡಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ, ಏಳನೇ ತಿದ್ದುಪಡಿಯಲ್ಲಿ. ಆದರೆ ಅದರಲ್ಲಿರುವುದು 'ಪ್ರಾಥಮಿಕ ಹಂತ' ಅಂತ ಮಾತ್ರ. ತೊಡಕು ಅಲ್ಲೇ. ಹೈಸ್ಕೂಲಿನವರು ಅಲ್ಪಸಂಖ್ಯಾತರ ಭಾಷೆ, ಶಾಲೆಗಳ ಹಕ್ಕಿನ 29, 30ನೇ ವಿಧಿ ಹಿಡಿದು ವಾದಿಸಬೇಕು. 2017ರಲ್ಲಿ ಕೇರಳದಲ್ಲಿ ಮಲಯಾಳ ಕಲಿಕೆ ಕಡ್ಡಾಯದ ಕಾಯ್ದೆ ಬಂದಾಗ ಈ ಅಂಕಿಗಳನ್ನೆಲ್ಲ ನಾನು ಕೇಳಿದ್ದು ವಕೀಲರಿಂದಲ್ಲ, ಇದೇ ಹುಡುಗಿಯಿಂದ.

ಇಲ್ಲಿ ಮಲೆನಾಡಲ್ಲಿ ಭಾಷೆಯ ತಕರಾರಿಲ್ಲ, ಇರುವುದು ಸಂಕದ್ದು, ಅಂದರೆ ಹಳ್ಳ ದಾಟಲು ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಕಟ್ಟುವ ಕಾಲುಸೇತುವೆಯದ್ದು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಬಹಳ ಕಡೆ ಅದು ಬಿಸ್ಕತ್ತು, ಚಹಾ, ಫೋಟೋಕ್ಕೆ ಮುಗಿಯುತ್ತದೆ ಅನ್ನಿ. ನಾನು ಹೋಗಿದ್ದ ಒಂದು ಸಭೆಯಲ್ಲಿ ಏಳನೇ ಕ್ಲಾಸಿನ ಹುಡುಗಿ ಎದ್ದು ಮೈಕ್ ಹಿಡಿದಳು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ.

"ಅಡಿಕೆ ದಬ್ಬೆ ಸಂಕ ಪ್ರತಿ ಮಳೆಗಾಲ ಕೊಚ್ಚಿಹೋಗುತ್ತೆ. ಸುತ್ತಿ ಬಂದ್ರೆ ನಾಲ್ಕು ಕಿಲೋಮೀಟರ್. ಶಿಕ್ಷಣ ನಮ್ಮ ಮೂಲಭೂತ ಹಕ್ಕು, 21ಎ ಅಂತ ಪಾಠದಲ್ಲಿದೆ. ಹಳ್ಳ ದಾಟೋದು ಎಷ್ಟನೇ ವಿಧಿ ಸಾರ್?"

ಎಲ್ಲರೂ ನಕ್ಕರು. ಪಂಚಾಯಿತಿ ಅಧಿಕಾರಿ ಪಿಡಿಒ ಕೂಡ ನಕ್ಕು, "ಬರ್ಕೊಳ್ತೀವಿ ಪುಟ್ಟಿ, ಕೂತ್ಕೋ" ಅಂದರು.

ಅವಳು ಕೂರಲಿಲ್ಲ. "ಹೋದ ವರ್ಷಾನೂ ಬರ್ಕೊಂಡಿದ್ರಿ."

ನಡಾವಳಿ ಪುಸ್ತಕ ತಿರುವಿದರು. ಬರೆದಿತ್ತು.

ಅವಳನ್ನೂ ಯಾರೋ ಎತ್ತಿಕಟ್ಟಿದ್ದಾರೆ ಅಂತ ಹಿಂದಿನ ಬೆಂಚಲ್ಲಿ ಗುಸುಗುಸು ಆಯ್ತು, ಥೇಟ್ ನಿಮ್ಮ ಹಾಗೇ. ಅನುಮಾನವಿದ್ದರೆ ಬನ್ನಿ, ಸಂಕ ತೋರಿಸ್ತೀನಿ. ಮಳೆಗಾಲದಲ್ಲಿ ಮಾತ್ರ ಬೇಡ, ದಬ್ಬೆ ಜಾರುತ್ತೆ.