ಅಕ್ಕನಿಗೆ ಬಿಪಿ ಇಲ್ಲ, ಸಿಗರೇಟಂತೂ ಇಲ್ಲವೇ ಇಲ್ಲ

ಅಮ್ಮನಿಗೆ ಇದ್ದಕ್ಕಿದ್ದ ಹಾಗೆ ತಲೆನೋವು, ಆದರೆ ಬಿಪಿ ಇಲ್ಲ, ಹಾಗಾದರೆ ಮೆದುಳಿನ ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆ ಬಲೂನಿನ ಹಾಗೆ ಉಬ್ಬುವುದು, ಇರಲಾರದು ಅಲ್ವಾ ಅಂತ ಕೇಳಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿ ಕೆಟ್ಟೆ.

ನಾವು ಕೊಡಗಿನ ನಾಪೋಕ್ಲು ಕಡೆಯವರು. ಕಾಫಿ ಕೊಯ್ಲಿನ ಸಮಯ. ಕಣದಲ್ಲಿ ಕಾಫಿ ಹರಡುತ್ತಿದ್ದ ಅಕ್ಕ ತಲೆ ಹಿಡಿದುಕೊಂಡು ಕೂತುಬಿಟ್ಟಳು, ಇಂಥ ನೋವು ಹುಟ್ಟಿದಾಗಿನಿಂದ ಕಂಡಿಲ್ಲ ಅಂದಳು, ವಾಂತಿಯೂ ಆಯಿತು. ಬಿಸಿಲು, ಗ್ಯಾಸ್ಟ್ರಿಕ್ ಅಂತ ಮನೆಯವರೆಲ್ಲ ಹೇಳಿದರು. ನಾನು ಬುದ್ಧಿವಂತ, ಅನ್ಯೂರಿಸಂ ಯಾರಿಗೆ ಬರುತ್ತದೆ ಅಂತ ಮೊಬೈಲಲ್ಲಿ ನೋಡಿದೆ. ಹೆಂಗಸರಿಗೆ ಜಾಸ್ತಿ, ನಲವತ್ತು ದಾಟಿದ ಮೇಲೆ ಜಾಸ್ತಿ, ಬಿಪಿ, ಸಿಗರೇಟು, ಮನೆತನದಲ್ಲಿ ಯಾರಿಗಾದರೂ ಇದ್ದರೆ, ಕಿಡ್ನಿ ತುಂಬ ನೀರುಗುಳ್ಳೆ ಬರುವ ವಂಶದ ಕಾಯಿಲೆ ಇದ್ದರೆ. ಅಕ್ಕನಿಗೆ ಮೂವತ್ತೆಂಟು. ಹೆಂಗಸು ಅನ್ನೋದೊಂದು ಬಿಟ್ಟರೆ ಯಾವುದೂ ಹೊಂದಲಿಲ್ಲ. ಮಾತ್ರೆ ಕೊಟ್ಟು ಮಲಗಿಸಿದೆ.

ಆ ಪಟ್ಟಿ ಸುಳ್ಳಲ್ಲ. ಯಾರಿಗೆ ಜಾಸ್ತಿ ಬರುತ್ತದೆ ಅಂತ ಅದು ಹೇಳುತ್ತದೆ ಅಷ್ಟೆ, ಎದುರಿಗೆ ಮಲಗಿರುವವರಿಗೆ ಬಂದಿಲ್ಲ ಅಂತ ಹೇಳುವುದಿಲ್ಲ. ಕ್ಷಣದಲ್ಲಿ ಏರಿದ ನೋವು, ವಾಂತಿ, ಬಿಗಿದ ಕತ್ತು, ಇವನ್ನು ಬಿಟ್ಟು ನಾನು ವಯಸ್ಸು ನೋಡಿದೆ. ಬೆಳಿಗ್ಗೆ ಅವಳ ಎಡಗಣ್ಣಿನ ರೆಪ್ಪೆ ಇಳಿದಿತ್ತು, ಬೆರಳಲ್ಲಿ ಎತ್ತಿ ನೋಡಿದರೆ ಆ ಕಣ್ಣಿನ ಪಾಪೆ ಮಾತ್ರ ದೊಡ್ಡದಾಗಿತ್ತು. ಮೈಸೂರಿಗೆ ಹೊರಟೆವು, ಹುಣಸೂರು ದಾಟುವಾಗ ಪ್ರಜ್ಞೆ ತಪ್ಪಿತು. ಅಕ್ಕನ ಅನ್ಯೂರಿಸಂ ಒಡೆದಿತ್ತು. ಒಡೆದ ನಾಳ ಮತ್ತೆ ಒಡೆಯುವ ಭಯ ಮೊದಲ 24 ಗಂಟೆಯಲ್ಲೇ ಜಾಸ್ತಿಯಂತೆ. ಆ ಹೊತ್ತನ್ನು ನಾನು ಮನೆಯಲ್ಲಿ ಕಳೆದಿದ್ದೆ.

ತೊಡೆಯ ಸಂದಿನಿಂದ ಸಣ್ಣ ಕೊಳವೆ ಹಾಕಿ ಆ ಉಬ್ಬಿನೊಳಗೆ ಪ್ಲಾಟಿನಂ ಕಾಯಿಲ್, ಅಂದರೆ ತೆಳ್ಳನೆ ತಂತಿಯ ಸುರುಳಿ, ತುಂಬಿದರು. ರಕ್ತ ಸಾಲದೆ ಮೆದುಳಿಗೆ ಹಾನಿಯಾಗದಿರಲಿ ಅಂತ ನಿಮೋಡಿಪಿನ್ ಮಾತ್ರೆ 4 ಗಂಟೆಗೊಮ್ಮೆ, ರಾತ್ರಿ ಎಬ್ಬಿಸಿಯೂ, 21 ದಿನ. ಅಕ್ಕ ಬದುಕಿದಳು, ಓಡಾಡುತ್ತಾಳೆ. ಆದರೆ ತೋಟದ ಕೂಲಿ ಲೆಕ್ಕವೆಲ್ಲ ಅವಳೇ ಬರೆಯುತ್ತಿದ್ದದ್ದು, ಈಗ ಅರ್ಧ ಪುಟಕ್ಕೇ ಸುಸ್ತಾಗಿ ಪುಸ್ತಕ ನನ್ನ ಕಡೆ ತಳ್ಳುತ್ತಾಳೆ.

ಮನೆಯವರೆಲ್ಲ ಸ್ಕ್ಯಾನ್ ಮಾಡಿಸಬೇಕಾ ಅಂತಲೂ ಕೇಳಿದ್ದೀರಿ. ಸುಮ್ನೆ ಬೇಡ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಇದು ಇರುತ್ತದೆ, ಹೆಚ್ಚಿನವು ಒಡೆಯುವುದೇ ಇಲ್ಲ. ಹೆತ್ತವರು, ಒಡಹುಟ್ಟಿದವರಲ್ಲಿ ಇಬ್ಬರಿಗೆ ಇದ್ದರೆ ಆಗ ಡಾಕ್ಟರನ್ನು ಕೇಳಿ. ಅಮ್ಮನ ವಿಷಯ ಬೇರೆ. ಇವತ್ತೇ ಸಿಟಿ ಸ್ಕ್ಯಾನ್ ಇರುವ ಕಡೆ ಕರೆದುಕೊಂಡು ಹೋಗಿ, ನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ತಡವಾದಷ್ಟೂ ರಕ್ತ ಸ್ಕ್ಯಾನಿನಲ್ಲಿ ಕಾಣದೆ ಹೋಗಬಹುದು, ಆಗ ಬೆನ್ನಿನ ನೀರು ತೆಗೆದು ನೋಡಬೇಕಾಗುತ್ತದೆ.